ಮೊದಲು ಹೊಲಿಗೆ, ಆಮೇಲೆ ಕತ್ತರಿ: ಹಳೇ ಸೀರೆಯಿಂದ ಕೌದಿ ಪೌಚು, ಕೈಚೀಲ, ಸಂಚಿ

ನಾನು ಹೊಲಿದ ಮೊದಲ ಪೌಚಿನ ಹಿಂಭಾಗ 9 ಇಂಚು ಇತ್ತು, ಮುಂಭಾಗ ಎಂಟೂವರೆ. ಕತ್ತರಿಸುವಾಗ ಅಳತೆ ತಪ್ಪಿರಲಿಲ್ಲ. ಎರಡನ್ನೂ ಒಂದರ ಮೇಲೊಂದು ಇಟ್ಟೇ ಕತ್ತರಿಸಿದ್ದೆ. ಆಮೇಲೆ ಒಳಗೆ ಹಳೇ ಬಟ್ಟೆ ಇಟ್ಟು ಕೌದಿಯ ಹಾಗೆ ಸಾಲು ಹೊಲಿಗೆ ಹಾಕಿದೆ. ಮುಂಭಾಗಕ್ಕೆ ಹುಮ್ಮಸ್ಸಿನಲ್ಲಿ ಒತ್ತೊತ್ತಾಗಿ ಹಾಕಿದೆ. ಹಿಂಭಾಗಕ್ಕೆ ಬರುವ ಹೊತ್ತಿಗೆ ಬೇಜಾರಾಗಿ ಸಾಲುಗಳು ದೂರ ದೂರ ಹೋದವು. ಒತ್ತಾಗಿ ಹೊಲಿದದ್ದು ಜಾಸ್ತಿ ಕುಗ್ಗಿತು, ಬಿಡಿಯಾಗಿ ಹೊಲಿದದ್ದು ಕಡಿಮೆ. ಜಿಪ್ ಹಚ್ಚಲು ಕೂತಾಗಲೇ ಗೊತ್ತಾಗಿದ್ದು.

ಜೀವನವಿಡೀ ಕೌದಿ ಹೊಲಿದ ನಮ್ಮ ದೊಡ್ಡವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಮೊದ್ಲ ಹೊಲೀಬೇಕವ್ವಾ, ಆಮ್ಯಾಲ ಕತ್ತರಸಬೇಕು. ನೀ ಉಲ್ಟಾ ಮಾಡೀದಿ" ಅಂದಳು. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ.

ಏನೇನು ಬೇಕು

ಹೊಸದಾಗಿ ಕೊಳ್ಳುವುದು ಬಹಳವೇನಿಲ್ಲ. ಮನೆಯಲ್ಲಿ ಕಾಲಲ್ಲಿ ತುಳಿಯುವ ಕರಿ ಮಷಿನ್ ಇದ್ದರೆ ಅದೇ ಸಾಕು. ನಿಜ ಹೇಳಬೇಕೆಂದರೆ ದಪ್ಪ ಹೊಲಿಗೆಗೆ ಅದೇ ವಾಸಿ. ಹಗುರವಾದ ಪ್ಲಾಸ್ಟಿಕ್ ಮೈಯ ಮಷಿನ್‌ಗಳು ಆರೇಳು ಪದರ ದಾಟುವಾಗ ಏದುಸಿರು ಬಿಡುತ್ತವೆ.

ಸೂಜಿ ಮಾತ್ರ ಹೊಸದು ಹಾಕಿ. ರವಿಕೆ ಹೊಲಿದು ಸವೆದ ಸೂಜಿಯಲ್ಲಿ ಕೌದಿ ಬಟ್ಟೆ ಹೊಲಿಯಲು ಹೋದರೆ ಹೊಲಿಗೆ ತಪ್ಪುತ್ತದೆ, ಇಲ್ಲವೇ ಸೂಜಿ ಮುರಿಯುತ್ತದೆ. ಲೈನಿಂಗ್‌ಗೆ 14ನೇ ನಂಬರ್, ದಪ್ಪಕ್ಕೆ 16ನೇ ನಂಬರ್. ಕೆಲವು ಪೊಟ್ಟಣಗಳ ಮೇಲೆ 90/14, 100/16 ಎಂದು ಇರುತ್ತದೆ, ಎರಡೂ ಒಂದೇ. ಸೂಜಿ ಬಿಚ್ಚುವ ಮೊದಲು ಅದರ ಚಪ್ಪಟೆ ಬದಿ ಯಾವ ಕಡೆಗಿದೆ ಎಂದು ನೋಡಿಟ್ಟುಕೊಳ್ಳಿ. ಹೊಸದನ್ನೂ ಹಾಗೇ ಕೂರಿಸಬೇಕು.

ಚೀಲ ಕೂಡಿಸಲು ಪಾಲಿಯೆಸ್ಟರ್ ದಾರ. ಅದು ಎಳೆತ ತಡೆಯುತ್ತದೆ. ಮೇಲೆ ಕಾಣುವ ಕೌದಿ ಹೊಲಿಗೆಗೆ ಹತ್ತಿ ದಾರ. ಕಸೂತಿ ದಾರದ ಲಡಿಯಲ್ಲಿ ಆರು ಎಳೆ ಇರುತ್ತವೆ, ಅದರಲ್ಲಿ ಮೂರು ಎಳೆ ಬಿಡಿಸಿಕೊಂಡರೆ ಸರಿಹೋಗುತ್ತದೆ.

ಜಿಪ್ ಬಗ್ಗೆ ಎರಡು ಮಾತು. ಬಿಡಿ ಬಿಡಿ ಜಿಪ್ ಕೊಳ್ಳುವುದಕ್ಕಿಂತ ಮೀಟರ್ ಲೆಕ್ಕದಲ್ಲಿ ನೈಲಾನ್ ಜಿಪ್, ಜೊತೆಗೆ ಬಿಡಿ ರನ್ನರ್ (ಎಳೆದು ಜಿಪ್ ತೆರೆಯುವ, ಮುಚ್ಚುವ ತುಂಡು) ತೆಗೆದುಕೊಳ್ಳಿ. ಬೇಕಾದಷ್ಟೇ ಕತ್ತರಿಸಬಹುದು. ಪೌಚಿಗೂ ಚೀಲಕ್ಕೂ 5ನೇ ನಂಬರ್ ಸಾಕು. 3ನೇ ನಂಬರ್ ಲಂಗಕ್ಕೆ ಚೆಂದ, ಆದರೆ ದಿನಾ ಎಳೆದಾಡುವ ಪೌಚಿಗೆ ತೀರಾ ಸಣ್ಣದು. ರನ್ನರ್‌ನ ನಂಬರ್ ಜಿಪ್ಪಿನ ನಂಬರ್‌ಗೆ ಹೊಂದಬೇಕು ಎಂಬುದನ್ನು ಅಂಗಡಿಯಲ್ಲೇ ಹಾಕಿ ನೋಡಿ. ಬೆಂಗಳೂರಿನಲ್ಲಿ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳಲ್ಲಿ, ಹುಬ್ಬಳ್ಳಿಯಲ್ಲಾದರೆ ದುರ್ಗದ ಬೈಲಿನ ಸುತ್ತ ಇದೆಲ್ಲ ಸಿಗುತ್ತದೆ. ನಿಮ್ಮೂರಿನ ಟೈಲರ್ ಸಾಮಾನಿನ ಅಂಗಡಿಯಲ್ಲೂ ಇರುತ್ತದೆ, ಕೇಳಿ ನೋಡಿ.

ಬಟ್ಟೆ ಆರಿಸುವುದು

ಮೇಲಿನ ಬಟ್ಟೆಗೆ ನಾನು ಖಣ ಅಥವಾ ಹಳೇ ಇಳಕಲ್ ಸೀರೆ ಬಳಸುತ್ತೇನೆ. ಎರಡೂ ಬಾಗಲಕೋಟೆ ಕಡೆಯವು, ನನಗೆ ಕೈಗೆ ಸಿಗುವುದೂ ಅವೇ. ಎರಡಕ್ಕೂ ಅದರದರ ಗುಣ ಇದೆ.

ಗುಳೇದಗುಡ್ಡದ ಖಣದಲ್ಲಿ ಬುಟ್ಟಾ ನೇಯ್ಗೆಯಲ್ಲೇ ಮೂಡಿರುತ್ತದೆ. ತೇರು, ಆನೆ ಹೆಜ್ಜೆ, ತುಳಸಿ ಕಟ್ಟೆ ಇಂಥವು. ನೋಡಲು ಗಟ್ಟಿ, ಆದರೆ ಕತ್ತರಿಸಿದ ಕೂಡಲೇ ಅಂಚಿನಿಂದ ನೂಲು ಉದುರಲು ಶುರು. ಅದಕ್ಕೆ ಕತ್ತರಿ ಹಾಕುವ ಮೊದಲೇ ಹಿಂದೆ ತೆಳು ಪೇಸ್ಟಿಂಗ್ ಅಂಟಿಸಿಬಿಡಿ, ಅದೇ ಕಾಲರಿಗೆ ಹಾಕುವ, ಇಸ್ತ್ರಿ ಬಿಸಿಗೆ ಅಂಟುವ ಬಟ್ಟೆ. ಖಣದಲ್ಲಿ ರೇಷ್ಮೆಯೋ ಕೃತಕ ರೇಷ್ಮೆಯೋ ಇರುತ್ತದೆ. ಹಾಗಾಗಿ ಇಸ್ತ್ರಿ ಹದವಾದ ಬಿಸಿಯಲ್ಲಿರಲಿ, ಮೊದಲು ಮೂಲೆಯಲ್ಲಿ ಒತ್ತಿ ನೋಡಿ. ಇನ್ನೊಂದು ವಿಷಯ, ತೇರಿಗೆ ತಲೆ ಬುಡ ಅಂತ ಇದೆ. ಒಂದೇ ಉದ್ದ ಬಟ್ಟೆಯನ್ನು ಬುಡದಲ್ಲಿ ಮಡಚಿ ಪೌಚು ಮಾಡಿದರೆ ಹಿಂಭಾಗದಲ್ಲಿ ತೇರು ತಲೆಕೆಳಗಾಗುತ್ತದೆ. ಆದ್ದರಿಂದ ಖಣಕ್ಕೆ ಯಾವಾಗಲೂ ಎರಡು ತುಂಡು.

ಇಳಕಲ್ ಸೀರೆಯಲ್ಲಿ ಮೈ ಬೇರೆ, ಸೆರಗು ಬೇರೆ. ಹಳೇ ಸೀರೆಯ ಮೈ ಹೆಚ್ಚಾಗಿ ಹತ್ತಿ, ಸೆರಗು ರೇಷ್ಮೆ. ಎರಡೂ ಒಂದೇ ಥರ ಕುಗ್ಗುವುದಿಲ್ಲ. ಸೆರಗು ಮೈ ಕೂಡುವ ಗೆರೆ ಪೌಚಿನ ನಡುವೆ ಬಾರದಂತೆ ನೋಡಿಕೊಳ್ಳಿ. ಕೆಂಪು ಸೆರಗು ಬಣ್ಣ ಬಿಡುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಅದರಿಂದ ಏನೂ ಪ್ರಯೋಜನ ಕಂಡಿಲ್ಲ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ಬೇರೆಯಾಗಿ ಒಗೆಯುವುದೇ ದಾರಿ.

ಹಳೇ ಸೀರೆಯ ಎಲ್ಲ ಭಾಗವೂ ಕೆಲಸಕ್ಕೆ ಬರುವುದಿಲ್ಲ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿಯಿರಿ. ಎಲ್ಲಿ ನೇಯ್ಗೆ ಬಲೆಯ ಹಾಗೆ ಕಾಣುತ್ತದೋ ಆ ಜಾಗ ಸತ್ತಿದೆ. ಬೆಳಕಿನಲ್ಲಿ ಪಾಸಾದ ಜಾಗವನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಜಗ್ಗಿ. 'ಪರ್' ಅಂತ ಸದ್ದು ಬಂದರೆ ಅದು ಒಳಪದರಕ್ಕೆ. ಸದ್ದಿಲ್ಲದೆ ತಡೆದರೆ ಮೇಲಕ್ಕೆ.

ನಡುವಿನ ಪದರಕ್ಕೆ ಹಳೇ ಹತ್ತಿ ಸೀರೆಯ ಎರಡು ಮೂರು ಮಡಿಕೆ ಸಾಕು. ಫೋಮ್ ಶೀಟ್ ಹಾಕಿದರೆ ಪೌಚು ಡಬ್ಬಿಯ ಹಾಗೆ ನಿಲ್ಲುತ್ತದೆ ನಿಜ. ಆದರೆ ನಾಲ್ಕಾರು ಸಲ ಒಗೆದ ಮೇಲೆ ಸೊಟ್ಟಗಾಗುತ್ತದೆ, ವರ್ಷಗಳು ಹೋದಂತೆ ಒಳಗೊಳಗೇ ಪುಡಿಯಾಗುತ್ತದೆ. ಹತ್ತಿ ಪದರ ಒಗೆದಷ್ಟೂ ಮೆತ್ತಗಾಗುತ್ತದೆ. ನನ್ನ ಮತ ಹತ್ತಿಗೆ. ಲೈನಿಂಗ್ ಮಾತ್ರ ತಿಳಿ ಬಣ್ಣದ್ದಿರಲಿ. ಕಪ್ಪು ಲೈನಿಂಗ್ ಪೌಚಿನಲ್ಲಿ ಒಂದು ಸೇಫ್ಟಿ ಪಿನ್ ಹುಡುಕಿ ನೋಡಿ, ಗೊತ್ತಾಗುತ್ತದೆ.

ಹೊಸದಿರಲಿ ಹಳೆಯದಿರಲಿ, ಪ್ರತಿ ಬಟ್ಟೆಯನ್ನೂ ಒಮ್ಮೆ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಹೊಸ ಲೈನಿಂಗ್ ಬಟ್ಟೆ ಆಮೇಲೆ ಕುಗ್ಗಿದರೆ ಪೌಚು ಒಳಗಿನಿಂದ ಸುಕ್ಕಾಗುತ್ತದೆ.

ಕೈ ಪಳಗಲು ಒಂದು ಮಸಿಬಟ್ಟೆ

ನೇರ ಪೌಚಿಗೇ ಕೈಹಾಕಬೇಡಿ. ಮೊದಲು 8 ಇಂಚಿನ ಚೌಕದ ಒಂದು ಮಸಿಬಟ್ಟೆ ಹೊಲಿಯಿರಿ. ಕೆಟ್ಟರೂ ಅಡುಗೆಮನೆಯಲ್ಲಿ ಕೆಲಸಕ್ಕೆ ಬರುತ್ತದೆ. ಇದಕ್ಕೆ ಪೂರ್ತಿ ಹತ್ತಿಯೇ ಬೇಕು. ಪಾಲಿಯೆಸ್ಟರ್, ಫೋಮ್, ಖಣ ಯಾವುದೂ ಬೇಡ, ಬಿಸಿ ಪಾತ್ರೆಗೆ ಕರಗಿ ಕೈ ಸುಡಬಹುದು.

ಕೆಳಗೆ ಒಂದು ಬಟ್ಟೆ, ಉಲ್ಟಾ ಬದಿ ಮೇಲೆ. ಅದರ ಮೇಲೆ ಹಳೇ ಸೀರೆಯ ನಾಲ್ಕು ಮಡಿಕೆ. ಮೇಲೆ ಚೆಂದದ ಬಟ್ಟೆ, ಸೀದಾ ಬದಿ ಮೇಲೆ. ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರಿ ಸುಕ್ಕು ತೆಗೆಯಿರಿ. ನಡುವಿನಿಂದಲೇ ನಾಲ್ಕು ದಿಕ್ಕಿಗೂ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಪಿನ್ನಿಗಿಂತ ಇದು ವಾಸಿ. ಪಿನ್ನು ಪದರವನ್ನು ಎತ್ತಿ ಹಿಡಿಯುತ್ತದೆ, ಕಚ್ಚಾ ಹೊಲಿಗೆ ಹಾಸಿ ಹಿಡಿಯುತ್ತದೆ.

ಈಗ ಕೌದಿ ಹೊಲಿಗೆ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ, ಗೋಜಲಾಗುತ್ತದೆ. ಗಂಟು ಹಾಕಿ, ಮೇಲಿನ ಬಟ್ಟೆಯ ಕೆಳಗಿನಿಂದ ಸೂಜಿ ತೂರಿಸಿ, ಮೆಲ್ಲಗೆ ಟಕ್ಕೆಂದು ಎಳೆದರೆ ಗಂಟು ಪದರದ ಒಳಗೆ ಅಡಗಿಕೊಳ್ಳುತ್ತದೆ. ಹೊಲಿಗೆ ಅಕ್ಕಿಕಾಳಿನಷ್ಟು, ಬಿಡುವೂ ಅಷ್ಟೇ. ಸೂಜಿಗೆ ಮೂರ್ನಾಲ್ಕು ಹೊಲಿಗೆ ಏರಿಸಿಕೊಂಡು ಒಟ್ಟಿಗೆ ಎಳೆಯಿರಿ. ಎಳೆದ ಮೇಲೆ ಸಾಲನ್ನು ಹೆಬ್ಬೆರಳಿನಿಂದ ಸವರಿ. ಬಟ್ಟೆ ಮುದುರಿದ್ದರೆ ಸಡಿಲಾಗುತ್ತದೆ. ಸಾಲಿಗೂ ಸಾಲಿಗೂ ಅರ್ಧ ಇಂಚು. ಹೊಲಿಗೆ ಹಿಂಬದಿಯಲ್ಲೂ ಬಂದಿದೆಯೇ ಎಂದು ಆಗಾಗ ತಿರುಗಿಸಿ ನೋಡಿ. ಶುರುವಿನಲ್ಲಿ ಕೆಳಪದರ ತಪ್ಪಿಹೋಗುವುದು ಎಲ್ಲರಿಗೂ ಆಗುತ್ತದೆ.

ದೊಡ್ಡ ಕೌದಿಯನ್ನು ನಮ್ಮ ಕಡೆ ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ನಡುವಿಗೆ ತರುವ ಪದ್ಧತಿ ಇದೆ. ಅದು ನೆಲಕ್ಕೆ ಹಾಸಿ ಹೊಲಿಯುವುದು. ನೆಲವೇ ಬಟ್ಟೆಯನ್ನು ಹಿಡಿದಿರುತ್ತದೆ. ಕೈಯಲ್ಲಿ ಹಿಡಿದು ಹೊಲಿಯುವ ಸಣ್ಣ ತುಂಡಿಗೆ ಹಾಗೆ ಮಾಡಿದರೆ ನಡುವೆ ಬಟ್ಟೆ ಉಬ್ಬಿ ನಿಲ್ಲುತ್ತದೆ. ಸಣ್ಣದಕ್ಕೆ ನಡುವಿನ ಸಾಲು ಮೊದಲು, ಆಮೇಲೆ ಅತ್ತ ಇತ್ತ.

ಅಂಚಿಗೆ 2 ಇಂಚು ಅಗಲದ ಕ್ರಾಸ್ ಪಟ್ಟಿ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿ, ಸುತ್ತಿ. ಮೂಲೆಗೆ ಏನಾದರೂ ಅಲಂಕಾರ ಬೇಕೆನಿಸಿದರೆ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಅವರು ಹೊಲಿಯುವ ಕೌದಿಯ ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಕೂರಿಸಿರುತ್ತಾರೆ. ಅದಕ್ಕೆ ಫೂಲ ಅನ್ನುತ್ತಾರೆ, ಹೂವು. ಆ ಹೂವಿಲ್ಲದೆ ಕೌದಿ ಮುಗಿದಂತಲ್ಲ. 2 ಇಂಚಿನ ಚೌಕ ತುಂಡನ್ನು ಎರಡು ಸಲ ತ್ರಿಕೋನಕ್ಕೆ ಮಡಚಿದರೆ ಮಸಿಬಟ್ಟೆಗೆ ಸರಿಯಾದ ಹೂವಾಗುತ್ತದೆ.

ಪೌಚಿನ ಕೌದಿ ತುಂಡು, ಆಮೇಲೆ ಕತ್ತರಿ

ಮುಗಿದ ಪೌಚಿನ ಬಾಯಿ 9 ಇಂಚು, ಎತ್ತರ ಸುಮಾರು 6, ಬುಡದ ಅಗಲ 2. ಕನ್ನಡಕ, ಚಾರ್ಜರ್, ಔಷಧಿ, ಸಣ್ಣ ಡೈರಿ ಎಲ್ಲ ಹಿಡಿಯುತ್ತದೆ. ಇದಕ್ಕೆ ಬೇಕಾದದ್ದು:

– ಮೇಲಿನ ಬಟ್ಟೆ, ನಡುವಿನ ಪದರ, ಕೆಳಗೆ ಹಿಡಿಯುವ ಹಳೇ ಬಟ್ಟೆ: ಮೂರೂ 23 × 10 ಇಂಚು
– ಲೈನಿಂಗ್: 10 × 8 ಇಂಚಿನ ಎರಡು ತುಂಡು
– ಜಿಪ್: 8 ಇಂಚು, ಒಂದು ರನ್ನರ್
– ಜಿಪ್ಪಿನ ತುದಿಗೆ: ಲೈನಿಂಗ್ ಬಟ್ಟೆಯದೇ 4 ಇಂಚು ಉದ್ದದ ಎರಡು ಪಟ್ಟಿ, ಅಗಲ ಜಿಪ್ಪಿನಷ್ಟೇ

ಮೂರು ಪದರ ಹಾಸಿ, ಕಚ್ಚಾ ಹೊಲಿಗೆ ಹಾಕಿ, ಮಸಿಬಟ್ಟೆಯ ಹಾಗೇ ಪೂರ್ತಿ ಕೌದಿ ಹೊಲಿಯಿರಿ. ಕೈಯಲ್ಲಾದರೆ ಎರಡು ಮೂರು ಸಂಜೆಯ ಕೆಲಸ. ಟೈಮಿಲ್ಲ ಅನ್ನುವವರು ಮಷಿನ್‌ನಲ್ಲಿ ಹಾಕಬಹುದು. ಹೊಲಿಗೆ ಉದ್ದ ಮಾಡಿಕೊಳ್ಳಿ, 3 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಡುವಿನಿಂದ ಶುರು ಮಾಡಿ, ಎಲ್ಲ ಸಾಲನ್ನೂ ಒಂದೇ ದಿಕ್ಕಿನಿಂದ ಹೊಲಿಯಿರಿ. ಹೋಗುತ್ತಾ ಒಂದು, ಬರುತ್ತಾ ಒಂದು ಹೊಲಿದರೆ ಸಾಲುಗಳ ನಡುವೆ ಬಟ್ಟೆ ಓರೆಯಾಗಿ ಎಳೆದುಕೊಳ್ಳಬಹುದು.

ಮುಗಿದ ಮೇಲೆ ಹಿಂಬದಿಯಿಂದ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ. ತುಂಡು ಈಗ 23 ಇಂಚು ಇರುವುದಿಲ್ಲ, ಅಳೆದು ನೋಡಿ. ಕುಗ್ಗುವುದು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿ ಆಯಿತು, ಇನ್ನು ಅದು ಮಿಸುಕಾಡುವುದಿಲ್ಲ. ಚಾಕ್‌ನಿಂದ 10 × 8 ಇಂಚಿನ ಎರಡು ಆಯ ಗುರುತು ಮಾಡಿ. ಖಣವಾದರೆ ಎರಡರಲ್ಲೂ ತೇರಿನ ತಲೆ 10 ಇಂಚಿನ ಬದಿಯ ಕಡೆಗಿರಲಿ, ಅದೇ ಬಾಯಿ.

ತಡೀರಿ, ಇನ್ನೂ ಕತ್ತರಿಸಬೇಡಿ. ಗುರುತಿನಿಂದ ಒಳಗೆ ಒಂದು ದಾರದಷ್ಟು ಜಾಗ ಬಿಟ್ಟು ಸುತ್ತಲೂ ಒಂದು ಮಷಿನ್ ಹೊಲಿಗೆ ಹಾಕಿ. ಇಲ್ಲವಾದರೆ ಕತ್ತರಿ ತಗುಲಿದ ಕಡೆಯೆಲ್ಲ ಕೌದಿ ಹೊಲಿಗೆಯ ತುದಿ ಬಿಚ್ಚಿಕೊಂಡು, ಸಂಜೆಗಳ ಕೆಲಸ ಕಣ್ಣೆದುರೇ ಸಡಿಲಾಗುತ್ತದೆ. ಈಗ ಕತ್ತರಿಸಿ.

ಜಿಪ್ ಹಚ್ಚುವುದು

ಎಲ್ಲರೂ ಹೆದರುವುದು ಇದಕ್ಕೆ. ಹೆದರಬೇಕಾದದ್ದು ಜಿಪ್ಪಿನ ಎರಡು ತುದಿಗೆ ಮಾತ್ರ, ನಡುವೆ ನೇರ ಹೊಲಿಗೆ ಅಷ್ಟೇ.

ಮೊದಲು ರನ್ನರ್ ಏರಿಸಿ. ಜಿಪ್ಪಿನ ಎರಡು ಪಟ್ಟಿಯನ್ನು ತುದಿಯಲ್ಲಿ ಸ್ವಲ್ಪ ಬಿಡಿಸಿ, ರನ್ನರ್‌ನ ಎರಡು ತೂತಿಗೆ ಒಂದೊಂದು ಕೊಟ್ಟು, ಎರಡನ್ನೂ ಸಮನಾಗಿ ಹಿಡಿದು ಎಳೆಯಿರಿ. ಒಂದು ಹಲ್ಲು ಹೆಚ್ಚುಕಡಿಮೆ ಆದರೂ ಕೊನೆಯಲ್ಲಿ ಜಿಪ್ ಉಬ್ಬುತ್ತದೆ. ಹಾಗಾದರೆ ತೆಗೆದು ಮತ್ತೆ ಏರಿಸಿ, ಸುಮ್ನೆ ಒತ್ತಾಯ ಮಾಡಬೇಡಿ. ಏರಿಸಿದ ರನ್ನರ್ ನಡುವೆ ನಿಲ್ಲಲಿ.

ಇನ್ನು ತುದಿ. 4 ಇಂಚಿನ ಪಟ್ಟಿಯ ಎರಡು ಕೊನೆಯನ್ನೂ ಅರ್ಧ ಅರ್ಧ ಇಂಚು ಒಳಕ್ಕೆ ಮಡಚಿ ಇಸ್ತ್ರಿ ಮಾಡಿ. ಈಗ ಅದನ್ನು ನಡುವೆ ಮಡಚಿದರೆ ಒಂದೂವರೆ ಇಂಚಿನ ಜೇಬಿನ ಹಾಗಾಗುತ್ತದೆ. ಆ ಬಾಯಿಯೊಳಗೆ ಜಿಪ್ಪಿನ ತುದಿಯನ್ನು ಅರ್ಧ ಇಂಚು ತೂರಿಸಿ ಮೇಲೆ ಹೊಲಿಗೆ ಹಾಕಿ. ಇನ್ನೊಂದು ತುದಿಗೂ ಹಾಗೇ. ಎರಡೂ ಕಡೆ ಒಂದೊಂದು ಇಂಚು ಬಟ್ಟೆ ಹೊರಗೆ ಚಾಚಿಕೊಂಡು, 8 ಇಂಚಿನ ಜಿಪ್ ಈಗ 10 ಇಂಚು ಆಗಿದೆ. ಪಕ್ಕದ ಹೊಲಿಗೆ ಈ ಬಟ್ಟೆಯ ಮೇಲೆ ಬೀಳುತ್ತದೆ, ಜಿಪ್ಪಿನ ಹಲ್ಲಿನ ಮೇಲಲ್ಲ. ಅಂಗಡಿಯ ಪೌಚಿನಲ್ಲಿ ಮೂಲೆಗಳು ಚೂಪಾಗಿ ಕೂರುವುದು, ನಮ್ಮದು ಗುಬುಟಾಗಿ ಕೂರುವುದು ಈ ಒಂದಿಂಚು ಬಟ್ಟೆಯ ವ್ಯತ್ಯಾಸ.

ಮಷಿನ್‌ಗೆ ಜಿಪ್ ಫುಟ್ ಹಾಕಿ, ಅದೇ ಒಂದೇ ಕಾಲಿನದು. ಕೌದಿ ತುಂಡು ಸೀದಾ ಬದಿ ಮೇಲೆ ಮಾಡಿ ಇಡಿ. ಬಾಯಿಯ ಅಂಚಿಗೆ ಜಿಪ್ ಮುಖ ಕೆಳಗೆ ಮಾಡಿ ಮಲಗಿಸಿ. ಅದರ ಮೇಲೆ ಲೈನಿಂಗ್, ಸೀದಾ ಬದಿ ಕೆಳಗೆ. ಮೂರರ ಅಂಚೂ ಒಂದೇ ಗೆರೆಯಲ್ಲಿ. ಕಾಲು ಇಂಚು ಬಿಟ್ಟು ಹೊಲಿಯಿರಿ. ರನ್ನರ್ ಹತ್ತಿರ ಬಂದಾಗ ಹೊಲಿಗೆ ಸೊಟ್ಟಗಾಗುತ್ತದೆ. ಅಲ್ಲಿ ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿ, ಫುಟ್ ಎತ್ತಿ, ರನ್ನರ್ ಅನ್ನು ಹಿಂದಕ್ಕೆ ತಳ್ಳಿ, ಮತ್ತೆ ಮುಂದುವರಿಸಿ.

ಎರಡೂ ಬಟ್ಟೆಯನ್ನು ಜಿಪ್ಪಿನಿಂದ ಆಚೆ ತಿರುವಿ, ಉಗುರಿನಿಂದ ಗೀರಿ, ಅಂಚಿಗೆ ಹತ್ತಿರ ಮೇಲೊಂದು ಹೊಲಿಗೆ ಹಾಕಿ. ಇದನ್ನು ಬಿಟ್ಟರೆ ಮುಂದೊಂದು ದಿನ ಲೈನಿಂಗ್ ಜಿಪ್ಪಿಗೆ ಸಿಕ್ಕಿಹಾಕಿಕೊಳ್ಳುವುದು ಗ್ಯಾರಂಟಿ. ಇಸ್ತ್ರಿ ತಾಗಿಸುವುದಾದರೆ ಬಟ್ಟೆಗೆ ಮಾತ್ರ. ನೈಲಾನ್ ಹಲ್ಲು ಕರಗುತ್ತದೆ. ಜಿಪ್ಪಿನ ಇನ್ನೊಂದು ಬದಿಗೂ ಇದೇ ಕ್ರಮ.

ಪಕ್ಕ, ಬುಡ, ತಿರುವುವುದು

ಈಗ ಜಿಪ್ ಅನ್ನು ಅರ್ಧಕ್ಕಿಂತ ಜಾಸ್ತಿ ತೆರೆಯಿರಿ. ತೆರೆದಿರಾ? ಇನ್ನೊಮ್ಮೆ ನೋಡಿ. ನಾನು ಒಮ್ಮೆ ಮುಚ್ಚಿದ ಜಿಪ್ ಇಟ್ಟುಕೊಂಡು ಸುತ್ತಲೂ ಹೊಲಿದು, ತಿರುವಲು ದಾರಿಯಿಲ್ಲದೆ ಅರ್ಧ ಗಂಟೆ ಹೊಲಿಗೆ ಬಿಚ್ಚುತ್ತಾ ಕೂತಿದ್ದೆ. ಒಮ್ಮೆ ಅಂದೆನಾ? ಎರಡು ಸಲ.

ಕೌದಿಗೆ ಕೌದಿ, ಲೈನಿಂಗ್‌ಗೆ ಲೈನಿಂಗ್, ಸೀದಾ ಬದಿಗಳು ಒಳಗೆ ಬರುವಂತೆ ಜೋಡಿಸಿ. ನಡುವೆ ಜಿಪ್ ಮಡಚಿಕೊಳ್ಳುತ್ತದೆ. ಅದರ ಹಲ್ಲು ಲೈನಿಂಗ್ ಕಡೆಗೆ ತಿರುಗಿರಲಿ. ಎರಡೂ ಕಡೆಯ ಜಿಪ್ ಹೊಲಿಗೆ ಒಂದಕ್ಕೊಂದು ಸರಿಯಾಗಿ ಕೂತಿದೆಯೇ ನೋಡಿ ಅಲ್ಲಿ ಕ್ಲಿಪ್ ಹಾಕಿ. ಬಟ್ಟೆ ಒಣಗಿಸುವ ಕ್ಲಿಪ್ಪೂ ನಡೆಯುತ್ತದೆ. ಸುತ್ತಲೂ ಅರ್ಧ ಇಂಚು ಮಾರ್ಜಿನ್ ಬಿಟ್ಟು ಹೊಲಿಯಿರಿ. ಲೈನಿಂಗ್‌ನ ಬುಡದಲ್ಲಿ 4 ಇಂಚು ಹಾಗೇ ಬಿಡಿ. ಪೌಚು ತಿರುವಲು ಅದೇ ಬಾಗಿಲು.

ಜಿಪ್ ತುದಿ ದಾಟುವಾಗ ಮೋಟರ್ ಆಗಲಿ ಕಾಲಾಗಲಿ ಬೇಡ. ಚಕ್ರವನ್ನು ಕೈಯಲ್ಲಿ ತಿರುಗಿಸಿ, ಒಂದೊಂದೇ ಹೊಲಿಗೆ. ಫುಟ್ ಮುಂದೆ ಎದ್ದು ನಿಂತು ಮುಂದಕ್ಕೆ ಹೋಗದಿದ್ದರೆ, ಅದೇ ದಪ್ಪಕ್ಕೆ ಮಡಚಿದ ಚಿಂದಿಯನ್ನು ಫುಟ್ಟಿನ ಹಿಂಭಾಗದ ಕೆಳಗಿಡಿ. ಫುಟ್ ಸಮನಾಗಿ ಕೂತು ದಿಬ್ಬ ಇಳಿದುಹೋಗುತ್ತದೆ.

ಬುಡಕ್ಕೆ ಮೂಲೆ ಕೊಡುವುದು ನೋಡಲು ಕಷ್ಟ, ಮಾಡಲು ಸುಲಭ. ಒಂದು ಮೂಲೆಯನ್ನು ಬಾಯಿ ತೆರೆದ ಹಾಗೆ ಬಿಡಿಸಿ, ಪಕ್ಕದ ಹೊಲಿಗೆಯೂ ಬುಡದ ಹೊಲಿಗೆಯೂ ಒಂದರ ಮೇಲೊಂದು ಬರುವಂತೆ ಚಪ್ಪಟೆ ಮಾಡಿ. ಸಮೋಸದ ತುದಿಯ ಹಾಗೆ ಕಾಣುತ್ತದೆ. ಹೊಲಿಗೆ ಮುಗಿಯುವ ತುದಿಯಿಂದ 1 ಇಂಚು ಒಳಗೆ ಅಡ್ಡಗೆರೆ ಎಳೆಯಿರಿ. ಗೆರೆಯ ಉದ್ದ 2 ಇಂಚು ಬರಬೇಕು. ಅದರ ಮೇಲೆ ಹೊಲಿದು, ಕಾಲಿಂಚು ಬಿಟ್ಟು ತುದಿ ಕತ್ತರಿಸಿ. ಕೌದಿಯ ಎರಡು, ಲೈನಿಂಗ್‌ನ ಎರಡು, ಒಟ್ಟು ನಾಲ್ಕು ಮೂಲೆ. ಲೈನಿಂಗ್‌ನಲ್ಲಿ ಗೆರೆಯನ್ನು ಕೂದಲೆಳೆಯಷ್ಟು ಒಳಗೆ ಹಾಕಿದರೆ ಒಳಚೀಲ ಚಿಕ್ಕದಾಗಿ ನೀಟಾಗಿ ಕೂರುತ್ತದೆ.

ಬಾಗಿಲಿನಿಂದ ಕೈ ಹಾಕಿ ತಿರುವಿ. ಮೂಲೆಗಳನ್ನು ಬೆರಳಿನಿಂದಲೇ ತಳ್ಳಿ, ಕತ್ತರಿಯ ತುದಿಯಿಂದ ತಳ್ಳಿದರೆ ತೂತಾಗುತ್ತದೆ. ಬಿಟ್ಟಿದ್ದ 4 ಇಂಚನ್ನು ಮುಚ್ಚಿ ಹೊಲಿದು, ಲೈನಿಂಗ್ ಒಳಗೆ ತಳ್ಳಿ. ಆಯಿತು.

ಮಷಿನ್ ಸತಾಯಿಸಿದರೆ

ಬಟ್ಟೆಯ ಕೆಳಗೆ ದಾರ ಗೂಡು ಕಟ್ಟುತ್ತಿದೆಯೇ? ಎಲ್ಲರೂ ಬಾಬಿನ್ ಬಿಚ್ಚಲು ಓಡುತ್ತಾರೆ. ತಪ್ಪು ಹೆಚ್ಚಾಗಿ ಮೇಲಿನ ದಾರದ್ದು. ಫುಟ್ ಇಳಿಸಿಕೊಂಡೇ ದಾರ ಪೋಣಿಸಿದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ದಾರ ಕೂರುವುದಿಲ್ಲ. ಫುಟ್ ಎತ್ತಿದಾಗ ಮಾತ್ರ ಬಿಲ್ಲೆಗಳು ಬಾಯಿ ಬಿಡುತ್ತವೆ. ಫುಟ್ ಎತ್ತಿ ಮೊದಲಿನಿಂದ ಪೋಣಿಸಿ. ಹೊಲಿಗೆ ಮಧ್ಯೆ ಮಧ್ಯೆ ತಪ್ಪುತ್ತಿದ್ದರೆ ಸೂಜಿ ಬದಲಿಸಿ. ಎಂಟು ಗಂಟೆ ಹೊಲಿದ ಸೂಜಿ ದುಡಿದು ದಣಿದಿದೆ ಎಂದೇ ಲೆಕ್ಕ. ಕೌದಿ ಬಟ್ಟೆಯಿಂದ ಉದುರುವ ನವಿರು ನೂಲು ಷಟಲ್ ಸುತ್ತ ತುಂಬಿಕೊಳ್ಳುತ್ತದೆ. ಪ್ರತಿ ಪೌಚಿಗೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಗುಡಿಸಿ, ಒಂದು ತೊಟ್ಟು ಮಷಿನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ದಿನ ಕಳೆದಂತೆ ಅಂಟಾಗಿ ಮಷಿನ್ ಜಡವಾಗುತ್ತದೆ.

ಸಂತೆಗೆ ಒಂದು ಕೈಚೀಲ

ಪೌಚು ಬಂತು ಅಂದರೆ ಚೀಲ ಬಂದ ಹಾಗೇ. ಜಿಪ್ ಇಲ್ಲ, ಹಿಡಿಕೆ ಇದೆ, ಅಷ್ಟೇ ವ್ಯತ್ಯಾಸ. ಹೊರಗೆ, ಒಳಗೆ 16 ಇಂಚಿನ ಚೌಕದ ಎರಡೆರಡು ತುಂಡು. ಅರ್ಧ ಇಂಚು ಮಾರ್ಜಿನ್. ಬುಡದ ಮೂಲೆಯ ಗೆರೆ 2 ಇಂಚು ಒಳಗೆ. ಮುಗಿದಾಗ 13 ಇಂಚು ಎತ್ತರ, ಬುಡ 11 × 4. ಪೂರ್ತಿ ಕೌದಿ ಹೊಲಿಯುವುದು ಬೇಡ. ಚೀಲ ಭಾರವಾಗುತ್ತದೆ, ಒಗೆದರೆ ಒಣಗುವುದಿಲ್ಲ. ಹೊರಗಿನ ಒಂದು ಜೇಬಿಗೆ ಮಾತ್ರ ಕೌದಿ ಕೆಲಸ ಮಾಡಿ, ಉಳಿದದ್ದು ದಪ್ಪ ಹತ್ತಿ ಬಟ್ಟೆ.

ಚೀಲ ಹರಿಯುವುದು ಯಾವಾಗಲೂ ಹಿಡಿಕೆ ಕೂಡುವ ಕಡೆ. ಎರಡು ಕೆಜಿ ಈರುಳ್ಳಿ, ಒಂದು ತೆಂಗಿನಕಾಯಿ ಹಾಕಿದ ದಿನ ಗೊತ್ತಾಗುತ್ತದೆ. 4 ಇಂಚು ಅಗಲ, 24 ಇಂಚು ಉದ್ದದ ಎರಡು ಪಟ್ಟಿ ತೆಗೆದುಕೊಂಡು, ಎರಡೂ ಅಂಚನ್ನು ನಡುಗೆರೆಗೆ ಮಡಚಿ, ಮತ್ತೆ ಮಡಚಿ, ಎರಡೂ ಬದಿ ಹೊಲಿದರೆ 1 ಇಂಚಿನ ಗಟ್ಟಿ ಹಿಡಿಕೆ. ಅಷ್ಟೂ ತಾಳ್ಮೆ ಇಲ್ಲದಿದ್ದರೆ ಮಂಚಕ್ಕೆ ಬಿಗಿಯುವ ಹತ್ತಿ ನವಾರದ ಪಟ್ಟಿ ತನ್ನಿ, ಅದು ಯಾವ ಭಾರಕ್ಕೂ ಜಗ್ಗುವುದಿಲ್ಲ. ಹಿಡಿಕೆಯ ತುದಿ ಚೀಲದ ಬಾಯಿಯಿಂದ 2 ಇಂಚು ಕೆಳಗಿನವರೆಗೆ ಇಳಿದಿರಬೇಕು. ಅಲ್ಲಿ ಚೌಕ ಹೊಲಿಗೆ ಹಾಕಿ, ಅದರೊಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು. ಹಿಂದೆ ಒಂದು ಗಟ್ಟಿ ಬಟ್ಟೆಯ ತುಂಡು ಕೊಟ್ಟರೆ ಇನ್ನೂ ಒಳ್ಳೆಯದು.

ಉಳಿದ ಚೂರಿನಲ್ಲಿ ಒಂದು ಸಂಚಿ

ಎಲೆಯಡಿಕೆ ಸಂಚಿ ಅಂದರೆ ಮೂರ್ನಾಲ್ಕು ಒಳಜೇಬು, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. 17ನೇ ಶತಮಾನದಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಕವಯಿತ್ರಿಯ ಹೆಸರಲ್ಲೇ ಅದು ಸೇರಿಕೊಂಡಿದೆ, ಸಂಚಿ ಹೊನ್ನಮ್ಮ. ಆ ಒಳಜೇಬಿನ ಸಂಚಿ ಹೊಲಿಯಲು ಇನ್ನೊಂದು ಲೇಖನವೇ ಬೇಕು. ಇಲ್ಲಿ ಹೇಳುತ್ತಿರುವುದು ಒಂಟಿ ಜೇಬಿನದು. ಉಂಗುರ, ಓಲೆ, ಚಿಲ್ಲರೆ ಹಾಕಲು, ಅರಿಸಿನ ಕುಂಕುಮಕ್ಕೆ ಬಂದವರಿಗೆ ಕೊಡಲು ಸರಿ. ಅರ್ಧ ಗಂಟೆಯಲ್ಲಿ ಒಂದು ಆಗುತ್ತದೆ.

7 × 17 ಇಂಚಿನ ಒಂದೇ ತುಂಡು. ಇದು ಬುಡದಲ್ಲಿ ಮಡಚುವುದರಿಂದ ತೇರಿನ ಖಣ ಬೇಡ, ಚೌಕುಳಿಯೋ ಗೆರೆಯೋ ಇರುವ ಬಟ್ಟೆ ಹಿಡಿಯಿರಿ. ಸೀದಾ ಬದಿ ಒಳಗೆ ಮಾಡಿ ಮಡಚಿ. ಬುಡದಿಂದ ಮೇಲಕ್ಕೆ ಎರಡೂ ಪಕ್ಕ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಮೇಲಿನ ಅಂಚಿಗೆ ಎರಡೂವರೆ ಇಂಚು ಇರುವಾಗ ನಿಲ್ಲಿಸಿ, ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡಿ. ತೆರೆದ ಭಾಗದ ಮಾರ್ಜಿನ್‌ಗಳನ್ನು ಅತ್ತಿತ್ತ ಮಡಚಿ ಹೊಲಿದುಬಿಡಿ. ಆಮೇಲೆ ಮುಂದಿನ ಅಂಚು, ಹಿಂದಿನ ಅಂಚು ಎರಡನ್ನೂ ಮೊದಲು ಕಾಲಿಂಚು, ಮತ್ತೆ 1 ಇಂಚಿಗಿಂತ ಚೂರು ಜಾಸ್ತಿ ಒಳಗೆ ಮಡಚಿ ಹೊಲಿಯಿರಿ. ಹೊಲಿಗೆ ಸರಿಯಾಗಿ ಪಕ್ಕ ತೆರೆದ ಜಾಗದ ಬುಡಕ್ಕೆ ಬರುತ್ತದೆ. ಲಾಡಿ ಓಡಲು ಎರಡು ನಾಳ ಸಿದ್ಧ.

20 ಇಂಚಿನ ಎರಡು ಲಾಡಿ. ಒಂದರ ತುದಿಗೆ ಸೇಫ್ಟಿ ಪಿನ್ ಸಿಕ್ಕಿಸಿ, ಬಲಗಡೆಯಿಂದ ಹೊಕ್ಕು ಮುಂದಿನ ನಾಳ ದಾಟಿ, ಹಿಂದಿನ ನಾಳದಲ್ಲಿ ವಾಪಸು ಬಂದು ಬಲಗಡೆಯೇ ಹೊರಡಲಿ. ಎರಡೂ ತುದಿ ಸೇರಿಸಿ ಗಂಟು. ಎರಡನೆಯದು ಎಡಗಡೆಯಿಂದ ಹೊಕ್ಕು ಎಡಗಡೆಯೇ ಹೊರಡಬೇಕು. ಎರಡೂ ಗಂಟನ್ನು ಅತ್ತಿತ್ತ ಎಳೆದರೆ ಬಾಯಿ ಬಿಗಿಯಾಗಿ ಮುಚ್ಚುತ್ತದೆ. ಒಂದೇ ಕಡೆ ಹೊರಟಿದ್ದರೆ ಅರ್ಧ ಬಾಯಿ ಮುಚ್ಚಿ ಅರ್ಧ ತೆರೆದೇ ಇರುತ್ತದೆ, ಲಾಡಿ ತೆಗೆದು ಮತ್ತೆ ಹಾಕಿ.